ಎರಡು ಪ್ಲಾಟಿನ ದ್ರಾಕ್ಷಿ



ಕಳೆದ ಬೇಸಿಗೆಯಲ್ಲಿ ವಿಜಯಪುರದ ಕಡೆಯ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ದ್ರಾಕ್ಷಿಯ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, "ಸರ, ಇವು ಎಕ್ಸ್‌ಪೋರ್ಟ್ ಪ್ಲಾಟಿನವು, ಮೊಮ್ಮಕ್ಕಳಿಗೆ ಧೈರ್ಯದಿಂದ ಕೊಡ್ರಿ" ಎಂದ. ಪ್ರೀತಿಯಿಂದ ಆಡಿದ ಮಾತೇ ಸರಿ. ಆದರೆ ಅಂದಿನಿಂದ ಅದು ನನ್ನನ್ನು ಕಾಡುತ್ತಿದೆ. ಹಾಗಾದರೆ ಇನ್ನೊಂದು ಪ್ಲಾಟಿನ ಹಣ್ಣನ್ನು ಯಾರ ಮೊಮ್ಮಕ್ಕಳು, ಯಾವ ಧೈರ್ಯದಿಂದ ತಿನ್ನುತ್ತಿದ್ದಾರೆ?

ಯುರೋಪಿಗೆ ಹೋಗುವ ದ್ರಾಕ್ಷಿಗಾಗಿ 2006ರಲ್ಲಿ ಅಪೆಡಾ ಸಂಸ್ಥೆಯು ಗ್ರೇಪ್‌ನೆಟ್ ಎಂಬ ವ್ಯವಸ್ಥೆಯನ್ನು ಜಾರಿಗೆ ತಂದಿತು. ತೋಟ ನೋಂದಣಿಯಾಗಬೇಕು, ಕೊಯ್ಲಿಗೆ ಮುನ್ನವೇ ಮಾನ್ಯತೆ ಪಡೆದ ಪ್ರಯೋಗಾಲಯದವರು ಮಾದರಿ ಒಯ್ದು ಕೀಟನಾಶಕದ ಶೇಷವನ್ನು ಅಳೆಯಬೇಕು, ಮಿತಿ ಮೀರಿದ್ದರೆ ಹಣ್ಣು ಹಡಗು ಹತ್ತುವಂತಿಲ್ಲ. ನಮ್ಮವರೇ ಕಟ್ಟಿದ, ಹೆಮ್ಮೆಪಡಬೇಕಾದ ವ್ಯವಸ್ಥೆಯಿದು. ಹಡಗು ಹತ್ತದ ಹಣ್ಣಿಗೆ ನಮ್ಮೂರ ಸಂತೆಯ ದಾರಿ ಮಾತ್ರ ತೆರೆದೇ ಇರುತ್ತದೆ. (ಯುರೋಪಿನ ಮಿತಿ ಮೀರಿದ್ದೆಲ್ಲವೂ ವಿಷವಲ್ಲ, ಒಪ್ಪುತ್ತೇನೆ. ಆದರೆ ಎಷ್ಟಿದೆಯೆಂದು ಕೊಳ್ಳುವವನಿಗೆ ಹೇಳುವವರಾರು?)

ನಮ್ಮಲ್ಲಿ ಕಾನೂನಿಲ್ಲವೆಂದಲ್ಲ. ನಿರ್ದಿಷ್ಟ ಮಿತಿ ಗೊತ್ತುಮಾಡದ ಕೀಟನಾಶಕಗಳಿಗೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೂ ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ ಎಂಬ ಮಿತಿಯನ್ನೇ ಇಟ್ಟಿದೆ. ಹತ್ತು ಟನ್ನಿನ ಹತ್ತು ಲಾರಿ ಹಣ್ಣಿನಲ್ಲಿ ಒಂದೇ ಒಂದು ಗ್ರಾಂ! ನನ್ನ ಕೈಯಲ್ಲಿ ಗಣಿತ ಕಲಿತವರು ಲೆಕ್ಕ ಹಾಕಿ ನೋಡಿರಿ. ಮಸಾಲೆ ಪದಾರ್ಥಗಳ ವಿಷಯದಲ್ಲಿ ಮಾತ್ರ, ಇಲ್ಲಿ ನೋಂದಣಿಯಾಗದ ಕೀಟನಾಶಕಗಳಿಗೆ 2024ರ ಏಪ್ರಿಲ್‌ನಲ್ಲಿ ಈ ಮಿತಿಯನ್ನು ಹತ್ತು ಪಟ್ಟು ಸಡಿಲಿಸಿದರು. ಆ ಮಾತು ಹಾಗಿರಲಿ.

ಹೊರದೇಶದ ಆಹಾರವೂ ಪ್ರಾಧಿಕಾರದ ಅನುಮತಿಯಿಲ್ಲದೆ ಬಂದರು ದಾಟಿ ಒಳಬರುವಂತಿಲ್ಲ. ಹೊರಹೋಗುವುದಕ್ಕೊಂದು ಬಾಗಿಲು, ಒಳಬರುವುದಕ್ಕೊಂದು ಬಾಗಿಲು. ಒಳಗೇ ಬೆಳೆದು ಒಳಗೇ ತಿನ್ನುವುದಕ್ಕೆ ಬಾಗಿಲೇ ಇಲ್ಲ!

ಇರುವುದೊಂದು ಸಮೀಕ್ಷೆ. ಕೇಂದ್ರ ಕೃಷಿ ಸಚಿವಾಲಯವು 2005-06ರಿಂದ ಮಾರುಕಟ್ಟೆಗಳಲ್ಲಿ ಮಾದರಿ ಸಂಗ್ರಹಿಸಿ ಪರೀಕ್ಷಿಸುತ್ತ ಬಂದಿದೆ. 2014-15ರಲ್ಲಿ ಪರೀಕ್ಷಿಸಿದ 20,618 ಮಾದರಿಗಳಲ್ಲಿ ಶೇ. 18.7ರಲ್ಲಿ ಶೇಷ ಕಂಡಿತು. ಮಿತಿ ಮೀರಿದ್ದು ಶೇ. 2.6. ಸಮಾಧಾನಪಡಲು ಸಾಕೆನ್ನುವಷ್ಟರಲ್ಲಿ ಇನ್ನೊಂದು ಅಂಕಿ ಎದುರಾಗುತ್ತದೆ: ಶೇ. 12.5 ಮಾದರಿಗಳಲ್ಲಿದ್ದುದು ಅನುಮೋದನೆಯೇ ಇಲ್ಲದ ಕೀಟನಾಶಕ. ಆ ವರ್ಷದ ಸುದ್ದಿ ಪತ್ರಿಕೆಗಳಿಗೆ ಬಂದದ್ದು 2015ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಆ ಬದನೆ, ಆ ಬೆಂಡೆ ಜೀರ್ಣವಾಗಿ ತಿಂಗಳುಗಳೇ ಸಂದಿದ್ದವು. ಪರೀಕ್ಷೆ ಬರೆದ ಹುಡುಗ ಮುಂದಿನ ತರಗತಿಗೆ ಹೋದ ಮೇಲೆ ಉತ್ತರಪತ್ರಿಕೆ ತಿದ್ದುವ ಮೇಷ್ಟ್ರನ್ನು ನೀವು ಕ್ಷಮಿಸುತ್ತಿದ್ದಿರೇ?

ರೈತನನ್ನು ದೂರುವ ಮನಸ್ಸು ನನಗಿಲ್ಲ. ಬೂಜುರೋಗ ಬಂದಾಗ ಅವನಿಗೆ ಸಿಗುವ ವೈದ್ಯ ಔಷಧದ ಅಂಗಡಿಯವನೊಬ್ಬನೇ. ನಾನು ಕೇಳುವುದು ಸರ್ಕಾರವನ್ನು. ಯಾವ ಎಪಿಎಂಸಿಯ ಯಾವ ತರಕಾರಿಯಲ್ಲಿ ಏನು ಸಿಕ್ಕಿತೆಂಬುದನ್ನು ವಾರವಾರವೂ ಆ ಎಪಿಎಂಸಿಯ ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಲಿ. ಧಾರಣೆಯ ಫಲಕ ಅಲ್ಲಿ ಹೇಗೂ ಇದೆ. ಅದರ ಪಕ್ಕದಲ್ಲೊಂದು ಹಲಗೆ.

ನಿಮ್ಮಲ್ಲಿ ಕೃಷಿ, ಆಹಾರ ಇಲಾಖೆಗಳಲ್ಲಿ ದುಡಿಯುತ್ತಿರುವವರು ಹಲವರಿದ್ದೀರಿ. ಇದು ಏಕೆ ಆಗದೆಂದು ಬರೆದು ತಿಳಿಸಿರಿ.