ಲಾರಿಯ ಹೊರೆ, ಹಮಾಲನ ಬೆನ್ನು ಮತ್ತು ನಮ್ಮ ಬಿಲ್ಟಿ

ಪ್ರತಿ ವರ್ಷವೂ ಸಂಘದ ಸ್ಮರಣ ಸಂಚಿಕೆಯಲ್ಲಿ ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವುಗಳನ್ನು ಕುರಿತು ನಮ್ಮ ಹಿರಿಯ ವೈದ್ಯರು ಬರೆಯುವ ಲೇಖನಗಳನ್ನು ನಾನು ತಪ್ಪದೆ ಓದುತ್ತೇನೆ. ಈ ಬಾರಿ ಬೆನ್ನುನೋವನ್ನು ಕುರಿತು ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ. ನಾನು ವೈದ್ಯನಲ್ಲ, ವಾಣಿಜ್ಯಶಾಸ್ತ್ರದ ಪದವೀಧರ, ಹತ್ತೊಂಬತ್ತು ವರ್ಷಗಳಿಂದ ಬ್ಯಾಂಕಿನಲ್ಲಿ ಸಾಲ ವಿಭಾಗದ ಕೆಲಸ ನೋಡುತ್ತಿರುವವನು. ನಾನು ಹೇಳಹೊರಟಿರುವ ಬೆನ್ನುನೋವು ಕುರ್ಚಿಯಲ್ಲಿ ಕುಳಿತು ಬರುವಂಥದ್ದೂ ಅಲ್ಲ. ಅದು ಅಡ್ಡಾದಿಡ್ಡಿಯಾಗಿ ತುಂಬಿದ ಲಾರಿಯಿಂದ ಹುಟ್ಟುವಂಥದು. ಅಂತಹ ಲಾರಿಗೆ ಹಮಾಲನನ್ನೋ ಚಾಲಕನನ್ನೋ ದೂರಿ ನಾವು ಕೈತೊಳೆದುಕೊಳ್ಳುತ್ತೇವೆ. ಆದರೆ ಆ ಹೊರೆಯಲ್ಲಿ ಬ್ಯಾಂಕಿನ ಮೇಜಿಗೂ ಒಂದು ಪಾಲಿದೆಯೆಂಬುದು ನನಗೆ ತಡವಾಗಿ ತಿಳಿಯಿತು.

2019ರ ಮಾರ್ಚ್ 30, ಶನಿವಾರ. ಮರುದಿನ ಭಾನುವಾರವಾದುದರಿಂದ ನಮ್ಮ ಠಾಣೆಯ ಶಾಖೆಯ ಸಾಲ ವಿಭಾಗಕ್ಕೆ ಅದೇ ಆರ್ಥಿಕ ವರ್ಷದ ಕೊನೆಯ ದಿನ. ಸಾಲಗಾರ ವ್ಯಾಪಾರಿಯೊಬ್ಬರ ಕ್ಯಾಷ್ ಕ್ರೆಡಿಟ್ ಖಾತೆ ಮಿತಿಯನ್ನು ದಾಟಿ ನಿಂತಿತ್ತು. ಭಿವಂಡಿಯ ಅವರ ಗೋದಾಮಿನಿಂದ ಮಾಲು ಹೊರಟು, ಲಾರಿ ಸಂಸ್ಥೆಯ ಬಿಲ್ಟಿಯೊಡನೆ ಮಾರಾಟದ ಬಿಲ್ಲು ನಮ್ಮ ಕೈಸೇರಿದರೆ, ಅದರ ಮೇಲೆ ಹಣ ಕೊಟ್ಟು ಖಾತೆಯನ್ನು ಮಿತಿಯೊಳಕ್ಕೆ ತರಬಹುದಾಗಿತ್ತು. "ನಾಲ್ಕು ಗಂಟೆಯೊಳಗೆ ಬಿಲ್ಟಿ ನನ್ನ ಮೇಜಿನ ಮೇಲಿರಬೇಕು" ಎಂದು ಬೆಳಗಿನಿಂದ ಮೂರು ಬಾರಿ ಫೋನು ಮಾಡಿದವನು ನಾನೇ. ಬಿಲ್ಟಿ ಮೂರೂಮುಕ್ಕಾಲಿಗೆ ಬಂತು. ಖಾತೆ ಸರಿಹೋಯಿತು. ನಾನು ಆ ರಾತ್ರಿ ನಿಶ್ಚಿಂತೆಯಿಂದ ಮಲಗಿದೆ.

ಬಿಲ್ಲಿನ ಹಣ ಬರುವಾಗ ಕಡಿಮೆ ಬಂತು. ಚಿಂಚವಾಡದ ಖರೀದಿದಾರರು ಒಡೆದ ಟೈಲ್ಸ್ ಪೆಟ್ಟಿಗೆಗಳ ಬೆಲೆಯನ್ನು ಕಡಿದುಕೊಂಡು ಉಳಿದದ್ದನ್ನು ಕಳುಹಿಸಿದ್ದರು. ಜೊತೆಗಿದ್ದ ಪತ್ರದ ಕೊನೆಯಲ್ಲಿ, ಮಾಲು ಇಳಿಸುವಾಗ ಪೆಟ್ಟಿಗೆಗಳ ಸಾಲು ಕುಸಿದು ತಮ್ಮ ಕೂಲಿಗಾರನೊಬ್ಬನ ಸೊಂಟಕ್ಕೆ ಪೆಟ್ಟಾಗಿದೆಯೆಂದೂ ಅವನು ಕೆಲಸಕ್ಕೆ ಬರುತ್ತಿಲ್ಲವೆಂದೂ ಒಂದು ಸಾಲು ಇತ್ತು. ಒಡೆದ ಪೆಟ್ಟಿಗೆಗಳಿಗೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಸ್ಥಳವುಂಟು. ಆ ಒಂದು ಸಾಲನ್ನು ಯಾವ ಶೀರ್ಷಿಕೆಯ ಕೆಳಗೆ ಬರೆಯಬೇಕೆಂದು ನನಗೆ ತೋಚಲಿಲ್ಲ.

ಜೂನ್ ತಿಂಗಳಲ್ಲಿ ದಾಸ್ತಾನು ತನಿಖೆಗೆಂದು ಆ ಗೋದಾಮಿಗೆ ಹೋದೆ. ಹಮಾಲರ ತಂಡದ ಮುಕಾದಮನು ಸಿಂದಗಿ ತಾಲ್ಲೂಕಿನವನು. ನನ್ನ ಹಿಂದಿಯಲ್ಲಿ ಬಾಗಲಕೋಟೆಯ ವಾಸನೆ ಹಿಡಿದು, "ನೀವು ನಮ್ಮ ಕಡಿಯವ್ರೇನ್ರಿ ಸಾಹೇಬ್ರ?" ಎಂದು ಕೇಳಿದ. ಚಹಾ ತರಿಸಿದ. ಆ ದಿನದ ಲಾರಿಯ ಮಾತು ತೆಗೆದಾಗ ಅವನು ಏನನ್ನೂ ಮುಚ್ಚಿಡಲಿಲ್ಲ.

"ಟೈಲ್ಸ್ ಬಂದದ್ದ ಮಧ್ಯಾಹ್ನ ಎರಡಕ್ಕ ನೋಡ್ರಿ. ಅಷ್ಟರಾಗ ನಳದ ಸಾಮಾನಿನ ಹಗೂರ ಡಬ್ಬಿ ಎಲ್ಲಾ ಮುಂದ ಏರಿಸಿ ಮುಗಿಸಿದ್ವಿ. ಅವನ್ನ ಇಳಿಸಿ ಟೈಲ್ಸ್ ಕೆಳಗ ಹಾಕಬೇಕಂದ್ರ ಇನ್ನೆರಡು ತಾಸು ಬೇಕ್ರಿ. ಡ್ರೈವರ್ ಬ್ಯಾಡ ಅಂದ. ಬ್ಯಾಂಕಿನಾವ ಫೋನ್ ಮ್ಯಾಲೆ ಫೋನ್ ಹಚ್ಯಾನ, ಹಿಂದ ಒಗದು ಬಿಡ್ರಿ, ಗಾಡಿ ಹೊರಗ ತಗೀರಿ ಅಂದ್ರು ಸೂಪರ್‌ವೈಸರು. ಒಗದ್ವಿ."

ಆ ಬ್ಯಾಂಕಿನಾವ ಎದುರಿಗೇ ಕುಳಿತು ಚಹಾ ಕುಡಿಯುತ್ತಿದ್ದಾನೆಂದು ಅವನಿಗೆ ಹೇಳುವಷ್ಟು ಧೈರ್ಯ ನನಗೆ ಆ ದಿನ ಬರಲಿಲ್ಲ.

ಮುಂದಿನದನ್ನು ಲಾರಿ ಸಂಸ್ಥೆಯವರಿಂದ ಕೇಳಿ ತಿಳಿದೆ. ಮೊದಲು ಇಳಿಯಬೇಕಾದದ್ದು ಪನವೇಲಿನ ಮಾಲು, ಅಂದರೆ ಮುಂಭಾಗದ ಹಗುರ ಡಬ್ಬಿಗಳು. ಅವುಗಳಿಗೆ ದಾರಿ ಮಾಡಲು ರಾತ್ರಿ ಹತ್ತು ಗಂಟೆಗೆ ಚಾಲಕನೂ ಕ್ಲೀನರನೂ ಇಬ್ಬರೇ ಟೈಲ್ಸ್ ಪೆಟ್ಟಿಗೆಗಳನ್ನು ಇಳಿಸಿ ಮತ್ತೆ ಏರಿಸಿದರು. ಒಂದೊಂದೂ ಸುಮಾರು 27 ಕಿಲೋ. ಇಳಿಸುವವರಿಗೆ ಬೆಳಕಿಲ್ಲ, ಏರಿಸುವವರಿಗೆ ತ್ರಾಣವಿಲ್ಲ. ನಿಂತಂತೆ ನಿಲ್ಲಲೆಂದು ಪೇರಿಸಿದರು. ಮುಂಭಾಗ ಬರಿದಾಯಿತು, ಭಾರವೆಲ್ಲ ಹಿಂದೆಯೇ ಉಳಿಯಿತು. ಬೋರ್ ಘಾಟಿನ ಏರಿನಲ್ಲಿ ಸ್ಟಿಯರಿಂಗ್ ಕೈಗೆ ಹಗುರವಾಗಿ ಹಿಡಿತವೇ ಸಿಗಲಿಲ್ಲವೆಂದು ಚಾಲಕನು ಹೇಳಿದನಂತೆ. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ಊರುಗಳ ಏತವನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹಿಂದಿನ ಅಚ್ಚಿನಿಂದಾಚೆಗೆ ಇಟ್ಟ ಪ್ರತಿಯೊಂದು ಕಿಲೋವೂ ಮುಂದಿನ ಗಾಲಿಗಳನ್ನು ಎತ್ತಲು ಹವಣಿಸುತ್ತದೆ. ಭಾರವಾದದ್ದು ತಳದಲ್ಲಿ, ಎರಡು ಅಚ್ಚುಗಳ ನಡುವೆ, ಎಡಬಲ ಸಮನಾಗಿ ಇರಬೇಕು. ಕೊನೆಗೆ ಇಳಿಯುವುದು ಮೊದಲು ಏರಬೇಕು. ಸಂದುಗಳು ಬಿಗಿಯಾಗಿ ತುಂಬಿರಬೇಕು. ಮುಕಾದಮನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತು. ಅವನಿಗೆ ಗೊತ್ತಿಲ್ಲದಿದ್ದುದು ಒಂದೇ: ಯಾವ ಊರಿನ ಮಾಲು ಮೊದಲು ಇಳಿಯುವುದೆಂಬುದು. "ಅದನ್ನ ನಮಗ ಯಾರೂ ಹೇಳಂಗಿಲ್ರಿ" ಎಂದ.

ಮೂವರ ಲೆಕ್ಕವನ್ನು ಬಿಡಿಸಿ ನೋಡಿದರೆ ಜಗಳದ ಮೂಲ ಕಾಣುತ್ತದೆ. ಹಮಾಲನಿಗೆ ಕೂಲಿ ಚೀಲ ಅಥವಾ ಟನ್ನಿನ ಲೆಕ್ಕದಲ್ಲಿ. ಹೊಂದಿಸಿಡಲು ಕಳೆದ ಗಂಟೆಗೆ ಕೂಲಿಯಿಲ್ಲ. ಚಾಲಕನಿಗೆ ಖೇಪಿನ ಲೆಕ್ಕ; ಗೋದಾಮಿನ ಬಾಗಿಲಲ್ಲಿ ಕಾಯ್ದ ಹೊತ್ತು ಅವನ ಸ್ವಂತ ನಷ್ಟ. ಮೇಲ್ವಿಚಾರಕನನ್ನು ಮಾಲೀಕರು ಅಳೆಯುವುದು ಸಂಜೆಯೊಳಗೆ ಎಷ್ಟು ಲಾರಿ ಹೊರಬಿದ್ದವು ಎಂಬುದರಿಂದ. ಈ ಮೂವರಲ್ಲಿ ಯಾರ ಆದಾಯವೂ ಚಿಂಚವಾಡದಲ್ಲಿ ಪೆಟ್ಟಿಗೆ ಹೇಗೆ ಇಳಿಯಿತೆಂಬುದಕ್ಕೆ ಜೋಡಿಸಿಲ್ಲ. ಆದುದರಿಂದ ಹಮಾಲನು ಚಾಲಕನನ್ನು ಸೊಕ್ಕಿನವನೆನ್ನುತ್ತಾನೆ, ಚಾಲಕನು ಹಮಾಲನನ್ನು ಸೋಮಾರಿಯೆನ್ನುತ್ತಾನೆ, ಇಬ್ಬರೂ ಸೇರಿ ಮೇಲ್ವಿಚಾರಕನನ್ನು ಶಪಿಸುತ್ತಾರೆ. ಮೇಲ್ವಿಚಾರಕನೂ ಸಂಬಳಗಾರನೇ, ಹನ್ನೆರಡು ಗಂಟೆ ನಿಂತು ದುಡಿಯುವವನು. ಅವನನ್ನು ಖಳನಾಯಕನಾಗಿ ಚಿತ್ರಿಸಲು ನನಗೆ ಮನಸ್ಸಿಲ್ಲ.

ಈ ಪ್ರಾಂತದಲ್ಲಿ ಹಮಾಲರ ಪ್ರಶ್ನೆ ಹೊಸದಲ್ಲ. ಮುಂಬಯಿಯ ಹಮಾಲರನ್ನು ಸಂಘಟಿಸಿದ ಅಣ್ಣಾಸಾಹೇಬ ಪಾಟೀಲರ ಹೋರಾಟದ ಫಲವಾಗಿ 1969ರಲ್ಲಿ ಮಹಾರಾಷ್ಟ್ರದ ಮಾಥಾಡಿ ಕಾಯಿದೆ ಬಂತು. ಮಾಥಾ ಎಂದರೆ ತಲೆ. ತಲೆಯ ಮೇಲೆ ಹೊರುವವನು ಮಾಥಾಡಿ. ಕಾರ್ಮಿಕರು, ಮಾಲೀಕರು, ಸರ್ಕಾರ ಈ ಮೂವರ ಪ್ರತಿನಿಧಿಗಳುಳ್ಳ ಮಂಡಳಿಗಳು ಏರ್ಪಟ್ಟವು. ನೋಂದಾಯಿತ ಹಮಾಲನಿಗೆ ಕೂಲಿಯ ಜೊತೆಗೆ ಭವಿಷ್ಯನಿಧಿಯಂತಹ ಸೌಲಭ್ಯಗಳು ದೊರೆತವು. ಅದೊಂದು ದೊಡ್ಡ ಸಾಧನೆ. ಆದರೆ ಸಿಂದಗಿಯ ನಮ್ಮ ಮುಕಾದಮನ ತಂಡದ ಯಾರ ಹೆಸರೂ ಯಾವ ಮಂಡಳಿಯಲ್ಲಿಯೂ ಇರಲಿಲ್ಲ. ಇನ್ನೊಂದು ಕಡೆ, ಲಾರಿಯೊಳಗೆ ಮಾಲನ್ನು ಹೊಂದಿಸಿಡುವುದಕ್ಕೆ 'ವಾರಾಯಿ' ಎಂಬ ಪ್ರತ್ಯೇಕ ಹಣವನ್ನು ಚಾಲಕನಿಂದ ಕೇಳುವ ರೂಢಿ ಬೆಳೆಯಿತು. ಲಾರಿಯವರು ಅದನ್ನು ಪ್ರತಿಭಟಿಸಿ 'ಜಿಸ್ಕಾ ಮಾಲ್ ಉಸ್ಕಾ ಹಮಾಲ್' ಎಂದು ಘೋಷಿಸಿದರು: ಮಾಲು ಯಾರದೋ ಹಮಾಲನ ಖರ್ಚೂ ಅವರದೇ. ನನಗೆ ಈ ಘೋಷಣೆ ನ್ಯಾಯವಾಗಿ ಕಾಣುತ್ತದೆ. ಆದರೆ ಈ ವಾಗ್ವಾದ ಒಂದು ಸಂಗತಿಯನ್ನು ಬಯಲಿಗೆಳೆಯುತ್ತದೆ. ಮಾಲನ್ನು ಏರಿಸುವುದು ಒಂದು ಕೆಲಸ, ಅದನ್ನು ಸರಿಯಾಗಿ ಇಡುವುದು ಇನ್ನೊಂದು ಕೆಲಸ, ಎರಡನೆಯದಕ್ಕೆ ದುಡ್ಡು ಕೊಡುವವರು ಯಾರೂ ಇಲ್ಲ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದಾರೆ!

ಕಾನೂನಿನ ದೃಷ್ಟಿ ಬಹುಮಟ್ಟಿಗೆ ತೂಕದ ಮೇಲಿದೆ. 2018ರ ಜುಲೈನಲ್ಲಿ ಲಾರಿಗಳ ಅಚ್ಚಿನ ಭಾರದ ಮಿತಿಯನ್ನು ಏರಿಸಲಾಯಿತು. ನಾಲ್ಕು ಟೈರುಗಳ ಹಿಂದಿನ ಅಚ್ಚಿಗೆ 10.2 ಟನ್ ಇದ್ದುದು 11.5 ಟನ್ ಆಯಿತು. 2019ರ ತಿದ್ದುಪಡಿಯ ಬಳಿಕ ಅತಿಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಒಳ್ಳೆಯದೇ. ಆದರೆ ಇಡೀ ಲಾರಿಯನ್ನು ಒಮ್ಮೆಗೇ ತೂಗುವ ಕಾಟಾ ಒಟ್ಟು ತೂಕವನ್ನು ಮಾತ್ರ ಹೇಳುತ್ತದೆ. ನಮ್ಮ ಆ ಲಾರಿಯ ಒಟ್ಟು ತೂಕ ಮಿತಿಯೊಳಗೇ ಇತ್ತು.

ಇನ್ನು ಬೆನ್ನಿನ ಮಾತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರ ತನ್ನ ಶಿಫಾರಸಿನಲ್ಲಿ ವಯಸ್ಕ ಪುರುಷ ಹೊರುವ ಭಾರಕ್ಕೆ 55 ಕಿಲೋ ಗರಿಷ್ಠವೆಂದಿತು. ಅಮೆರಿಕದ ವೃತ್ತಿ ಸುರಕ್ಷತಾ ಸಂಸ್ಥೆ 1991ರಲ್ಲಿ ಪರಿಷ್ಕರಿಸಿದ ಸೂತ್ರದಲ್ಲಿ, ಎಲ್ಲವೂ ಅನುಕೂಲವಾಗಿರುವಾಗಲೂ 23 ಕಿಲೋ ಎಂದಿದೆ. ಎಲ್ಲವೂ ಅನುಕೂಲವೆಂದರೆ ಭಾರ ಮೈಗೆ ಹತ್ತಿರವಿರಬೇಕು, ಸೊಂಟದೆತ್ತರದಲ್ಲಿರಬೇಕು, ಮೈ ತಿರುಚಬಾರದು, ಹಿಡಿಯಲು ಹಿಡಿಯಿರಬೇಕು. ಕೆಟ್ಟದಾಗಿ ತುಂಬಿದ ಲಾರಿ ಇವೆಲ್ಲವನ್ನೂ ಒಮ್ಮೆಗೇ ತಪ್ಪಿಸುತ್ತದೆ. ಮೂಲೆಗೆ ಸಿಕ್ಕಿಕೊಂಡ ಪೆಟ್ಟಿಗೆಯನ್ನು ಕೈಚಾಚಿ, ಬಗ್ಗಿ, ಮೈ ತಿರುಚಿ ಎಳೆಯಬೇಕಾಗುತ್ತದೆ. ಆಗ ಸೊಂಟದ ಮೂಳೆಗಳ ನಡುವಣ ಮೆತ್ತನೆಯ ತಟ್ಟೆಗಳ ಮೇಲೆ ಬೀಳುವ ಒತ್ತಡ ಪೆಟ್ಟಿಗೆಯ ತೂಕದ ಅನೇಕ ಪಟ್ಟು. ಗಂಟೆಗಟ್ಟಲೆ ಲಾರಿಯ ಅದುರಿನಲ್ಲಿ ಕುಳಿತು ಬಂದ ಚಾಲಕನು ಕೂಡಲೇ ಭಾರವೆತ್ತುವುದು ಇನ್ನೂ ಅಪಾಯಕರ. ಹತ್ತು ನಿಮಿಷವಾದರೂ ಅಡ್ಡಾಡಿ ಬೆನ್ನನ್ನು ಸಡಿಲಿಸಿಕೊಳ್ಳಬೇಕು. ಸಾಮಾನ್ಯ ಬೆನ್ನುನೋವಿಗೆ ವಾರಗಟ್ಟಲೆ ಹಾಸಿಗೆ ಹಿಡಿಯುವುದು ಒಳ್ಳೆಯದಲ್ಲವೆಂದೂ, ಮಿತವಾಗಿ ನಡೆದಾಡುತ್ತಿರಬೇಕೆಂದೂ ಇಂದಿನ ವೈದ್ಯರು ಹೇಳುತ್ತಾರೆ. ಆದರೆ ನೋವಿನೊಡನೆ ಕಾಲು ಜೋಮು ಹಿಡಿದರೆ, ಶಕ್ತಿ ಕುಂದಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಎಣ್ಣೆ ನೀವುತ್ತ ಕೂರದೆ ತತ್‌ಕ್ಷಣ ಆಸ್ಪತ್ರೆಗೆ ಹೋಗಬೇಕು. ಹಮಾಲರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ನನ್ನ ಸಲಹೆ ಬ್ಯಾಂಕಿನ ತಿಜೋರಿಯಿಂದ ಬಂದದ್ದು. ನಮ್ಮಲ್ಲಿ ತಿಜೋರಿಗೆ ಎರಡು ಕೀಲಿಗಳು, ಇಬ್ಬರ ಬಳಿ. ಯಾರೊಬ್ಬರೂ ಒಂಟಿಯಾಗಿ ತೆರೆಯಲಾರರು. ಇದರಿಂದ ಯಾರಿಗೂ ಅವಮಾನವೆನಿಸಿಲ್ಲ. ಹಾಗೆಯೇ ತಾಡಪಾಲು ಹೊದಿಸುವ ಮುನ್ನ ಮುಕಾದಮ, ಚಾಲಕ, ಮೇಲ್ವಿಚಾರಕ ಮೂವರೂ ಲಾರಿಯ ಹಿಂದೆ ನಿಂತು ಹೊರೆಯನ್ನು ನೋಡಿ ಒಂದೇ ಹಾಳೆಗೆ ರುಜು ಹಾಕಲಿ. ಇಳಿಸುವ ಊರುಗಳ ಕ್ರಮವನ್ನು ತುಂಬುವುದಕ್ಕೆ ಮೊದಲೇ ಮುಕಾದಮನ ಕೈಗೆ ಬರೆದು ಕೊಡಲಿ. ಚಾಲಕನು ಒಲ್ಲೆನೆಂದರೆ ಅವನ ಮುಂದಿನ ಸರದಿಯನ್ನು ಕಿತ್ತುಕೊಳ್ಳದಿರಲಿ. ಮರುತುಂಬುವ ಗಂಟೆಗೆ ಕೂಲಿಯನ್ನು ಮಾಲಿನ ಒಡೆಯರು ಕೊಡಲಿ. ಆ ಗೋದಾಮಿನ ಮೇಲ್ವಿಚಾರಕರು ಇದನ್ನು ಕೇಳಿ ನಕ್ಕರು. "ದಿನಕ್ಕೆ ಇಪ್ಪತ್ತು ಗಾಡಿ ಸಾರ್, ಒಂದೊಂದಕ್ಕೆ ಹತ್ತು ನಿಮಿಷವೆಂದರೆ ಮೂರು ಗಂಟೆ ಮೇಲಾಯಿತು" ಎಂದರು. ಅವರ ಗುಣಾಕಾರ ಸರಿಯಾಗಿಯೇ ಇದೆ. ಪನವೇಲಿನಲ್ಲಿ ಆ ರಾತ್ರಿ ಇಬ್ಬರು ಕಳೆದ ಹೊತ್ತು, ಚಿಂಚವಾಡದವನು ಕೆಲಸವಿಲ್ಲದೆ ಕಳೆದ ದಿನಗಳು ಆ ಗುಣಾಕಾರದೊಳಗೆ ಬರುವುದಿಲ್ಲ, ಅಷ್ಟೆ.

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಹೋಟೆಲು ನಡೆಸುವವರು. ಬೆಳಿಗ್ಗೆ ಅಕ್ಕಿಯ ಮೂಟೆ, ಎಣ್ಣೆಯ ಡಬ್ಬಿ, ಗ್ಯಾಸ್ ಸಿಲಿಂಡರುಗಳ ಟೆಂಪೊ ಬಂದು ನಿಂತಾಗ ಒಮ್ಮೆ ಅದರ ಹಿಂದೆ ಹೋಗಿ ನೋಡಿರಿ. 50 ಕಿಲೋ ಮೂಟೆಯ ಬದಲು 25ರದನ್ನು ತರಿಸಲು ಸಾಧ್ಯವೇ, ಇಳಿಸಲು ಇನ್ನೊಬ್ಬ ಹುಡುಗನನ್ನು ಕಳುಹಿಸಬಹುದೇ, ಬಂದವನಿಗೆ ನೀರಾದರೂ ಸಿಕ್ಕಿತೇ ಎಂದು ವಿಚಾರಿಸಿರಿ. ಮಾಲು ಕೆಟ್ಟದಾಗಿ ಬಂದರೆ ಟೆಂಪೊದವನ ಹಣ ಕಡಿಯುವ ಬದಲು ಅದನ್ನು ತುಂಬಿಸಿದ ವ್ಯಾಪಾರಿಗೆ ಬರೆಯಿರಿ, ತುಂಬಿದ ತಂಡಕ್ಕೂ ತಿಳಿಸಬೇಕೆಂದು ಕೇಳಿರಿ. ಚಿಂಚವಾಡದ ಪತ್ರ ಬ್ಯಾಂಕಿಗೆ ಬಂತು, ವ್ಯಾಪಾರಿಗೆ ಹೋಯಿತು. ಮುಕಾದಮನಿಗೆ ಆ ಕೂಲಿಗಾರನ ಸುದ್ದಿ ಗೊತ್ತಾದದ್ದು ಜೂನ್ ತಿಂಗಳಲ್ಲಿ, ನನ್ನ ಬಾಯಿಂದ. ಕೇಳಿ ಅವನು ಬಹಳ ಹೊತ್ತು ಮಾತನಾಡಲಿಲ್ಲ.

ಆ ಬಳಿಕ ನಾನು ತಿಂಗಳ ಕೊನೆಯ ದಿನ ಬಿಲ್ಟಿಗಾಗಿ ಫೋನು ಮಾಡುವುದನ್ನು ಬಿಟ್ಟಿದ್ದೇನೆ. ಮಿತಿ ಮೀರುವ ಖಾತೆಗಳ ವ್ಯಾಪಾರಿಗಳನ್ನು ಇಪ್ಪತ್ತನೆಯ ತಾರೀಖಿಗೇ ಕರೆದು ಮಾತನಾಡುತ್ತೇನೆ. ಎರಡು ಬಾರಿ ಮೇಲಧಿಕಾರಿಗಳ ಪ್ರಶ್ನೆಗೆ ಉತ್ತರ ಬರೆಯಬೇಕಾಯಿತು, ಬರೆದೆ. ಒಡೆದ ಟೈಲ್ಸಿನ ಹಣವನ್ನು ವ್ಯಾಪಾರಿಯು ಲಾರಿ ಸಂಸ್ಥೆಯಿಂದಲೂ, ಲಾರಿ ಸಂಸ್ಥೆಯು ಬೇಡವೆಂದು ಹೇಳಿದ್ದ ಅದೇ ಚಾಲಕನ ಬಾಡಿಗೆಯಿಂದಲೂ ವಸೂಲು ಮಾಡಿಕೊಂಡಿತ್ತು. ಅದನ್ನು ಹಿಂದಿರುಗಿಸಬೇಕೆಂದು ನಾನು ವ್ಯಾಪಾರಿಗೆ ಎರಡು ಪತ್ರ ಬರೆದಿದ್ದೆ. ಎರಡನೆಯದಕ್ಕೆ, ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂದಿದೆ.