ಹಳೆ ಫೈಬರ್ ದೋಣಿಗೆ ಹೊಸ ಬಣ್ಣ: ತಲಪಾಡಿ ದಾಟಿದರೆ ಲೆಕ್ಕ ಬೇರೆ

ಮಂಜೇಶ್ವರ: ಉಳ್ಳಾಲ, ಮಂಗಳೂರು, ಮಲ್ಪೆ ಕಡೆ ಮಾರಾಟಕ್ಕಿರುವ ಹಳೆ ಫೈಬರ್ ದೋಣಿಯನ್ನು ಕಡಿಮೆ ಬೆಲೆಗೆ ಕೊಂಡು, ದುರಸ್ತಿ ಮಾಡಿ, ಕಾಸರಗೋಡಿನ ಕಡಲಿಗಿಳಿಸುವುದು ಗಡಿನಾಡಿನ ಮೀನುಕಾರ್ಮಿಕರಿಗೆ ಮೇಲ್ನೋಟಕ್ಕೆ ಲಾಭದ ವ್ಯವಹಾರವೇ ಸರಿ. ಎರಡೂ ಕಡೆ ಅದೇ ಮಾತು, ಅದೇ ನೆಂಟಸ್ತಿಕೆ, ಅದೇ ಬಂಗುಡೆ-ಬೂತಾಯಿ. ಆದರೆ ದೋಣಿ ತಲಪಾಡಿ ಗಡಿ ದಾಟಿದ ಕೂಡಲೇ ಅದಕ್ಕೆ ಇನ್ನೊಂದು ರಾಜ್ಯದ ಕಾನೂನು, ಇನ್ನೊಂದು ಇಲಾಖೆ, ಇನ್ನೊಂದು ಭಾಷೆಯ ಅರ್ಜಿ ಎದುರಾಗುತ್ತದೆ. ದೋಣಿಯ ಬೆಲೆಯನ್ನು ಚೌಕಾಸಿ ಮಾಡಿ ಇಳಿಸಬಹುದು. ಈ ಎರಡನೇ ಲೆಕ್ಕದಲ್ಲಿ ಚೌಕಾಸಿಗೆ ಅವಕಾಶವಿಲ್ಲ.

ಹಳೆ ದೋಣಿಗಳು ದಡದಲ್ಲಿ ಉಳಿದದ್ದರ ಹಿಂದೆ ಬೂತಾಯಿಯ ಕತೆಯೂ ಇದೆ. ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಕೇವಲ 3,297 ಟನ್. ಬೂತಾಯಿ ಹೇರಳವಾಗಿದ್ದ ಕಾಲದಲ್ಲಿ ಸಾಲ ಮಾಡಿ ದೋಣಿ ಕಟ್ಟಿಸಿದವರಿಗೆ ಆ ವರ್ಷ ಇಂಧನದ ಖರ್ಚು ಹುಟ್ಟುವುದೂ ಕಷ್ಟವಾಯಿತು. ಮುಂದೆ 2023 ಮತ್ತು 2024ರಲ್ಲಿ ಬೂತಾಯಿ ಮತ್ತೆ ಲಕ್ಷ ಟನ್ ದಾಟಿದಾಗ ಮೀನು ಬಂತು, ಆದರೆ 2024ರಲ್ಲಿ ಗಾತ್ರ ಸಣ್ಣದಾಗಿ ಬೆಲೆ ಕುಸಿಯಿತು. ಇಂತಹ ಏರಿಳಿತದಲ್ಲಿ ಹೊಸ ದೋಣಿಗೆ ಹಣ ಹಾಕಲು ಹೆದರುವವನು ಹಳೆಯದನ್ನು ಹುಡುಕುವುದು ಸಹಜ. ಅದನ್ನು ಜಿಪುಣತನ ಎನ್ನಲಾಗದು.

ಫೈಬರ್ ಕೊಳೆಯುವುದಿಲ್ಲ, ಆದ್ದರಿಂದ ಹಳೆಯದಾದರೂ ಚಿಂತೆಯಿಲ್ಲ ಎಂಬ ನಂಬಿಕೆ ಕರಾವಳಿಯಲ್ಲಿ ಬಲವಾಗಿದೆ. ಇದು ಅರ್ಧ ಸತ್ಯ. ಗಾಜಿನ ನಾರು ಮತ್ತು ರೆಸಿನ್‌ನಿಂದಾದ ಪದರಕ್ಕೆ ಮರದಂತೆ ಹುಳ ಹಿಡಿಯುವುದಿಲ್ಲ ನಿಜ. ಆದರೆ ಅನೇಕ ದೋಣಿಗಳಲ್ಲಿ ಫೈಬರ್‌ನ ಒಳಗೆ ಮರವಿದೆ. ಇಂಜಿನ್ ತೂಗುಹಾಕುವ ಹಿಂಬದಿಯ ಹಲಗೆ, ಅಂದರೆ ಟ್ರಾನ್ಸಮ್, ಹೆಚ್ಚಾಗಿ ಪ್ಲೈವುಡ್ಡಿನ ಮೇಲೆ ಫೈಬರ್ ಹೊದಿಸಿ ಮಾಡಿದ್ದು. ಇಂಜಿನ್ ಬಿಗಿಯಲು ಕೊರೆದ ಬೋಲ್ಟ್ ತೂತುಗಳಿಂದ ಉಪ್ಪುನೀರು ಒಳಗಿಳಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಒಳಗೆ ಪ್ಲೈವುಡ್ ಹಿಟ್ಟಾಗಿರುತ್ತದೆ. ಅಂತಹ ದೋಣಿ ಒಂದು ದಿನ ಅಳಿವೆಬಾಗಿಲಿನ ತೆರೆಯಲ್ಲಿ ಪೂರ್ತಿ ವೇಗ ಕೊಟ್ಟಾಗ ಇಂಜಿನ್ನನ್ನೇ ಕಳಚಿಕೊಳ್ಳಬಹುದು. ಅಳಿವೆಯಲ್ಲಿ ಇಂಜಿನ್ ಇಲ್ಲದ ದೋಣಿ ಎಂದರೆ ಏನೆಂಬುದನ್ನು ಮೀನುಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದುದರಿಂದ ದೋಣಿ ನೋಡಲು ಹೋದವರು ಮೊದಲು ನೋಡಬೇಕಾದ್ದು ಹಿಂಬದಿ. ಇಂಜಿನ್ ಬಿಚ್ಚಿಸಿ, ಬೋಲ್ಟ್ ತೂತಿನ ಒಳಬದಿಯನ್ನು ಮೊಳೆಯಿಂದ ಕೆರೆದು ನೋಡಬೇಕು. ಒದ್ದೆಯಾದ ಕಪ್ಪು ಪುಡಿ ಬಂದರೆ ಟ್ರಾನ್ಸಮ್ ಹೊಸದಾಗಿ ಕಟ್ಟಿಸಲೇಬೇಕು. ಬಳಿಕ ಸಣ್ಣ ಸುತ್ತಿಗೆಯ ಹಿಡಿಯಿಂದ ದೋಣಿಯ ಮೈಯೆಲ್ಲ ತಟ್ಟಿ ನೋಡುವುದು. ಗಟ್ಟಿ ಇದ್ದಲ್ಲಿ ಸದ್ದು ಟಣ್ಣೆನ್ನುತ್ತದೆ, ಪದರ ಬಿಟ್ಟಿದ್ದಲ್ಲಿ ಸದ್ದು ಸತ್ತಿರುತ್ತದೆ. ಕೂದಲೆಳೆಯಂತಹ ಬಿರುಕುಗಳು ಹೊರಗಿನ ಜೆಲ್‌ಕೋಟಿನಲ್ಲಿ ಮಾತ್ರ ಇದ್ದರೆ ದೊಡ್ಡ ವಿಷಯವಲ್ಲ. ಅದೇ ಬಿರುಕು ಒಳಬದಿಯಲ್ಲೂ ಅದೇ ಜಾಗದಲ್ಲಿ ಕಂಡರೆ ಅದು ಮೈಯೇ ಮುರಿದದ್ದು. ಹೊಯಿಗೆಯಲ್ಲಿ ಎಳೆದೆಳೆದು ತಳದ ಕೀಲ್ ಸವೆದಿದೆಯೇ ಎಂದು ನೋಡಲು ದೋಣಿಯನ್ನು ಮಗುಚಿ ಹಾಕಿಸಬೇಕು. ಮಾರುವವನು ಇದಕ್ಕೆ ಒಪ್ಪದಿದ್ದರೆ ಅಲ್ಲಿಂದ ಎದ್ದು ಬರುವುದೇ ಒಳ್ಳೆಯದು. ಅಂಚುಗಳ ಒಳಗೆ ತುಂಬಿದ ಫೋಮ್ ವರ್ಷಗಟ್ಟಲೆ ನೀರು ಕುಡಿದಿದ್ದರೆ ದೋಣಿಯ ತೂಕ ಹೆಚ್ಚಿ, ತೇಲಿಸಬೇಕಾದ ವಸ್ತುವೇ ಮುಳುಗಿಸುವ ಹೊರೆಯಾಗುತ್ತದೆ. ಎಂಟು ಜನ ಎತ್ತಬೇಕಾದ ದೋಣಿಗೆ ಹದಿನೈದು ಜನ ಬೇಕಾದರೆ ಅನುಮಾನಿಸಬೇಕು.

ಹೊಸದಾಗಿ ಬಣ್ಣ ಬಳಿದ ಹಳೆ ದೋಣಿಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಬಣ್ಣ ಹಾಕಿದವನಿಗೆ ಅದರ ಅಡಿಯಲ್ಲಿ ಏನಿದೆ ಎಂದು ಗೊತ್ತಿರುತ್ತದೆ.

ಕಾಸರಗೋಡು ಜಿಲ್ಲೆಯ ಮಟ್ಟಿಗೆ ತಳ ಸವೆಯುವ ಸಮಸ್ಯೆಗೆ ಇನ್ನೊಂದು ಕಾರಣವೂ ಸೇರಿದೆ. ಉಪ್ಪಳ ಮುಸೋಡಿ, ಶಿರಿಯ ಮುಂತಾದೆಡೆ ಕಡಲ್ಕೊರೆತ ಹೊಯಿಗೆ ದಡವನ್ನು ನುಂಗಿದೆ. ಕೊರೆತ ತಡೆಯಲು ಕಲ್ಲು ಹಾಕಿದಲ್ಲಿ ದೋಣಿ ಎಳೆಯಲು ಮೆತ್ತನೆಯ ದಡವೇ ಉಳಿಯುವುದಿಲ್ಲ. ಕಲ್ಲಿಗೆ ಉಜ್ಜಿದ ಫೈಬರ್ ಎರಡು ಮಳೆಗಾಲದಲ್ಲಿ ಕಾಣುವ ಸವೆತವನ್ನು ಒಂದರಲ್ಲೇ ಕಾಣುತ್ತದೆ. ಮಂಜೇಶ್ವರ ಮೀನುಗಾರಿಕಾ ಬಂದರು 2020ರಲ್ಲಿ ಉದ್ಘಾಟನೆಯಾದರೂ ಊರೂರಿನ ದಡದಿಂದಲೇ ಕಡಲಿಗಿಳಿಯುವ ಸಣ್ಣ ದೋಣಿಗಳವರಿಗೆ ಈ ಕಷ್ಟ ತಪ್ಪಿದ್ದಲ್ಲ.

ದುರಸ್ತಿ ಸ್ವತಃ ಮಾಡಬಹುದಾದ ಕೆಲಸವೇ. ಹಾಳಾದ ಭಾಗವನ್ನು ಗಟ್ಟಿ ಪದರ ಸಿಗುವ ತನಕ ಗ್ರೈಂಡರಿನಿಂದ ಉಜ್ಜಿ ತೆಗೆಯಬೇಕು. ಅಂಚನ್ನು ನೇರ ಕತ್ತರಿಸದೆ, ಪದರದ ದಪ್ಪದ ಹನ್ನೆರಡು ಪಾಲಿನಷ್ಟು ಅಗಲಕ್ಕೆ ಇಳಿಜಾರು ಮಾಡಬೇಕು. ಹೀಗೆ ಮಾಡದೆ ಮೇಲಿಂದ ಮೇಲೆ ತೇಪೆ ಅಂಟಿಸಿದರೆ ಅದು ಮೊದಲ ದೊಡ್ಡ ತೆರೆಗೆ ಸಿಪ್ಪೆಯಂತೆ ಎದ್ದು ಬರುತ್ತದೆ. ಸಿಹಿನೀರಿನಿಂದ ತೊಳೆದು ಚೆನ್ನಾಗಿ ಒಣಗಿಸುವುದು ಮುಖ್ಯ. ಉಪ್ಪು ಮತ್ತು ಪಸೆ ಇದ್ದಲ್ಲಿ ರೆಸಿನ್ ಹಿಡಿಯುವುದಿಲ್ಲ. ನಂತರ ಮ್ಯಾಟ್, ಅದರ ಮೇಲೆ ನೇಯ್ದ ರೋವಿಂಗ್, ಮತ್ತೆ ಮ್ಯಾಟ್ ಎಂದು ಪದರ ಹಾಕಿ ರೋಲರಿನಿಂದ ಗಾಳಿಗುಳ್ಳೆ ತೆಗೆಯಬೇಕು. ಈ ಕೆಲಸಕ್ಕೆ ಎಪ್ರಿಲ್-ಮೇ ತಿಂಗಳ ಬಿಸಿಲು ಬೇಕು. ಮಳೆ ಹಿಡಿದ ಮೇಲೆ ತರಾತುರಿಯಲ್ಲಿ ಹಾಕಿದ ತೇಪೆಯನ್ನು ನಂಬುವಂತಿಲ್ಲ. ಸೆಕೆಗೆ ರೆಸಿನ್ ಬೇಗ ಗಟ್ಟಿಯಾಗುವುದರಿಂದ ಒಮ್ಮೆಗೆ ಸ್ವಲ್ಪವೇ ಕಲಸುವುದು ಜಾಣತನ.

ಒಂದು ಅಪಾಯದ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ರೆಸಿನ್ ಗಟ್ಟಿಯಾಗಲು ಬಳಸುವ ಕ್ಯಾಟಲಿಸ್ಟ್ ಮತ್ತು ಕೋಬಾಲ್ಟ್ ಆಕ್ಸಿಲರೇಟರ್ ಎರಡನ್ನೂ ನೇರವಾಗಿ ಒಂದಕ್ಕೊಂದು ಬೆರೆಸಬಾರದು. ಬೆರೆಸಿದರೆ ಬೆಂಕಿ ಏಳಬಹುದು, ಸಿಡಿಯಲೂಬಹುದು. ಮೊದಲು ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿ, ಬಳಿಕ ಇನ್ನೊಂದನ್ನು ಹಾಕುವುದು ಕ್ರಮ. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಉಜ್ಜುವಾಗ ಏಳುವ ಗಾಜಿನ ದೂಳಿಗೆ ಮುಖಕ್ಕೆ ಕಟ್ಟಿದ ಬೈರಾಸು ಸಾಲದು, ಸರಿಯಾದ ಮಾಸ್ಕ್ ಬೇಕು. ಮನೆಯಂಗಳದಲ್ಲಿ ಮಕ್ಕಳ ನಡುವೆ ಈ ಕೆಲಸ ಮಾಡುವವರು ಇದನ್ನು ಗಮನಿಸಲೇಬೇಕು.

ಇನ್ನು ಇಂಜಿನ್. ದೋಣಿಯ ಜೊತೆಗೆ ಹಳೆ ಔಟ್‌ಬೋರ್ಡ್ ಇಂಜಿನ್ ಕೂಡ ಅಗ್ಗಕ್ಕೆ ಬರುತ್ತದೆ ಎಂದು ಖುಷಿಪಡುವವರು ಚಿಮಿಣಿ ಎಣ್ಣೆಯ ಲೆಕ್ಕವನ್ನು ಮರೆಯುತ್ತಾರೆ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಈ ಇಂಜಿನ್‌ಗಳು ಪರ್ಮಿಟ್ ಎಣ್ಣೆಯನ್ನು ನಂಬಿಯೇ ಕರಾವಳಿಗೆ ಬಂದವು. ಕೇಂದ್ರದ ಹಂಚಿಕೆ ವರ್ಷದಿಂದ ವರ್ಷಕ್ಕೆ ಇಳಿಯಿತು. 2022ರಲ್ಲಿ ಬೆಲೆ ಲೀಟರಿಗೆ ನೂರು ರೂಪಾಯಿ ದಾಟಿತು. ಅದೇ ವರ್ಷ ಕೇರಳದಲ್ಲಿ ಪರ್ಮಿಟ್‌ಗಾಗಿ ನಡೆದ ಸಂಯುಕ್ತ ತಪಾಸಣೆಯಲ್ಲಿ ಹತ್ತು ವರ್ಷ ಮೀರಿದ ಇಂಜಿನ್‌ಗಳನ್ನು ಪರಿಗಣಿಸುವುದಿಲ್ಲ ಎಂಬ ನಿಬಂಧನೆ ಇತ್ತು. ಅಂದರೆ ಹನ್ನೆರಡು ವರ್ಷದ ಇಂಜಿನ್ ಎಷ್ಟೇ ಚೆನ್ನಾಗಿ ಓಡಿದರೂ ಅದಕ್ಕೆ ಸರಕಾರದ ಎಣ್ಣೆ ಸಿಗುವ ಭರವಸೆ ಇಲ್ಲ. ದೋಣಿ ಮತ್ತು ಇಂಜಿನ್‌ಗೆ ಬೇರೆ ಬೇರೆ ಬೆಲೆ ಕಟ್ಟಿ, ಇಂಜಿನ್ ಖರೀದಿಸಿದ ಬಿಲ್ ಕೇಳುವುದು ಈ ಕಾರಣಕ್ಕೆ ಅಗತ್ಯ.

ಗಡಿನಾಡಿನವರು ಹೆಚ್ಚು ಎಡವುವುದು ಕಾಗದಪತ್ರದಲ್ಲಿ. ಕರ್ನಾಟಕದ ದೋಣಿ 1986ರ ಕರ್ನಾಟಕ ಸಮುದ್ರ ಮೀನುಗಾರಿಕಾ ಕಾಯ್ದೆಯ ಅಧೀನದ್ದು. ಕೇರಳದ್ದು 1980ರ ಕಾಯ್ದೆ. ದಡದಿಂದ 12 ನಾಟಿಕಲ್ ಮೈಲಿನ ತನಕ ಮೀನುಗಾರಿಕೆಯ ನಿಯಂತ್ರಣ ಆಯಾ ರಾಜ್ಯದ ಕೈಯಲ್ಲಿದೆ. ಐಎನ್‌ಡಿ-ಕೆಎ ಎಂದು ಸಂಖ್ಯೆ ಬರೆದ ದೋಣಿ ಯಾರದ್ದೇ ಆಗಿರಲಿ, ಕಾಸರಗೋಡಿನ ಕಡಲಿನಲ್ಲಿ ಅದು ಹೊರರಾಜ್ಯದ ದೋಣಿ. 2008ರ ಮುಂಬೈ ದಾಳಿಗೆ ಉಗ್ರರು ಮೀನುಗಾರಿಕಾ ಬೋಟನ್ನೇ ಬಳಸಿದ ಬಳಿಕ ಕರಾವಳಿಯಲ್ಲಿ ತಪಾಸಣೆ ಬಿಗಿಯಾಗಿದೆ, ಮೀನುಗಾರರಿಗೆ ಗುರುತಿನ ಚೀಟಿ ಬಂದಿದೆ. ಮಾರಿದವನ ಹೆಸರಿನಲ್ಲೇ ನೋಂದಣಿ ಉಳಿಸಿಕೊಂಡು, ಇಪ್ಪತ್ತು ರೂಪಾಯಿಯ ಪತ್ರದಲ್ಲಿ ಒಪ್ಪಂದ ಬರೆದು ಕಡಲಿಗಿಳಿಯುವ ಹಳೆ ಪದ್ಧತಿಗೆ ಈಗ ಕಾಲವಲ್ಲ. ಕರ್ನಾಟಕದ ಇಲಾಖೆಯಿಂದ ನೋಂದಣಿ ಬಿಡುಗಡೆಯ ಪತ್ರ, ಮಾರಾಟದ ದಾಖಲೆ, ಹಳೆಯ ಸಾಲವೇನಾದರೂ ಇದ್ದರೆ ಅದು ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಇಷ್ಟು ಕೈಗೆ ಬರುವ ಮೊದಲು ಪೂರ್ತಿ ಹಣ ಕೊಡುವುದು ಮೂರ್ಖತನ. ನೋಂದಣಿ ಇಲ್ಲದಿದ್ದರೆ ಎಣ್ಣೆಯ ಪರ್ಮಿಟ್ ಇಲ್ಲ. ದೋಣಿ ಮುಳುಗಿದ ದಿನ ಪರಿಹಾರಕ್ಕೆ ಮೊದಲು ಕೇಳುವುದೂ ಅದನ್ನೇ.

ಮಳೆಗಾಲದ ನಿಷೇಧವೂ ಎರಡು ಕಡೆ ಒಂದೇ ಅಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದ್ದು, 10 ಅಶ್ವಶಕ್ತಿಯ ಒಳಗಿನ ನಾಡದೋಣಿಗಳಿಗೆ ವಿನಾಯಿತಿ ಇದೆ. ಕೇರಳದ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ, ಸಾಂಪ್ರದಾಯಿಕ ದೋಣಿಗಳಿಗೆ ಅನ್ವಯಿಸುವುದಿಲ್ಲ. ಹೀಗಾಗಿ ದೊಡ್ಡ ಬೋಟುಗಳು ಲಂಗರು ಹಾಕಿರುವಾಗ ಸಣ್ಣ ದೋಣಿಗಳಿಗೆ ಸುಗ್ಗಿ. ಆದರೆ ಕಡಲು ಅತ್ಯಂತ ಕೆರಳಿರುವುದೂ ಅದೇ ಎರಡು ತಿಂಗಳು. ಹಳೆ ದೋಣಿಯ ಬಲಹೀನ ಟ್ರಾನ್ಸಮ್‌ನ ಪರೀಕ್ಷೆಯಾಗುವುದು ಆಗಲೇ.

ಸರಕಾರದ ಯೋಜನೆಗಳು ಈ ಕಡೆ ತಲೆ ಹಾಕಿಲ್ಲ ಎನ್ನಬೇಕು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಂಪ್ರದಾಯಿಕ ಮೀನುಗಾರರಿಗೆ ಬದಲಿ ದೋಣಿ ಮತ್ತು ಬಲೆಗೆ ಶೇ. 40, ಪರಿಶಿಷ್ಟರಿಗೆ ಹಾಗೂ ಮಹಿಳೆಯರಿಗೆ ಶೇ. 60 ನೆರವು ಇಡಲಾಗಿತ್ತು. ಉಳಿದ ಪಾಲನ್ನು ಹೊಂದಿಸಲಾಗದವನೇ ಹಳೆ ದೋಣಿ ಕೊಳ್ಳುವವನು. ಅವನಿಗೆ ಬೇಕಾದ್ದು ಟ್ರಾನ್ಸಮ್ ಕಟ್ಟಿಸಲು ಸಣ್ಣ ಮೊತ್ತದ ಸಾಲ, ಬಂದರಿನಲ್ಲಿ ಮಳೆ ಬೀಳದ ಒಂದು ಶೆಡ್, ಕೊಳ್ಳುವ ಮೊದಲು ದೋಣಿ ತಟ್ಟಿ ನೋಡಿ ಹೇಳಬಲ್ಲ ಒಬ್ಬ ತಜ್ಞ.

ಇದಕ್ಕೆ ಭಾಷೆಯ ತೊಡಕೂ ಸೇರುತ್ತದೆ. ಕನ್ನಡ ಶಾಲೆಯಲ್ಲಿ ಓದಿದ ಮಂಜೇಶ್ವರದ ಮೀನುಗಾರ ಮಲಯಾಳ ಮಾತನಾಡುತ್ತಾನೆ, ಪೇಟೆಯಲ್ಲಿ ವ್ಯವಹಾರ ಮಾಡುತ್ತಾನೆ. ಓದಿ ಸಹಿ ಹಾಕುವ ವಿಷಯ ಬಂದಾಗ ಮಾತ್ರ ಇನ್ನೊಬ್ಬರ ಕೈ ನೋಡಬೇಕಾಗುತ್ತದೆ. ನೋಂದಣಿಗೆ ರಿಯಲ್‌ಕ್ರಾಫ್ಟ್ ಎಂಬ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಆ ಕೈಗೆ ಶುಲ್ಕವೂ ಕೊಡಬೇಕು. ಕರ್ನಾಟಕದ ಕನ್ನಡ ದಾಖಲೆಯನ್ನು ಕೇರಳದ ಕಚೇರಿಗೆ ಕೊಡುವಾಗ ಭಾಷಾಂತರ ಕೇಳಿದರೆ ಇನ್ನೊಂದು ವಾರ. ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡಿಗರು ಮಾನ್ಯತೆ ಪಡೆದ ಭಾಷಾ ಅಲ್ಪಸಂಖ್ಯಾತರಾಗಿರುವಾಗ ಮತ್ಸ್ಯಭವನದಲ್ಲಿ ಒಂದು ಕನ್ನಡ ಅರ್ಜಿ, ಬೇಕಾದ ದಾಖಲೆಗಳ ಒಂದು ಕನ್ನಡ ಪಟ್ಟಿ ಗೋಡೆಗೆ ಅಂಟಿಸಲು ಯಾವ ಹೊಸ ಕಾನೂನೂ ಬೇಕಾಗಿಲ್ಲ. ಆ ಪಟ್ಟಿ ಎಪ್ರಿಲ್ ತಿಂಗಳಲ್ಲೇ ಕೈಗೆ ಸಿಕ್ಕಿದರೆ, ಬಿಸಿಲಿರುವಾಗ ರೆಸಿನ್ ಒಣಗುವಷ್ಟರಲ್ಲಿ ಕಾಗದವೂ ಕೈಸೇರಿ, ದೋಣಿಯ ಎರಡೂ ಬದಿಯಲ್ಲಿ ಹೊಸ ಸಂಖ್ಯೆ ಬರೆಸಿಯೇ ಜೂನ್ ತಿಂಗಳ ಕಡಲಿಗೆ ಇಳಿಯಬಹುದು.