ಧಾನ್ಯ ಬದಲಾದರೆ ಸಾಲದು

ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಘೋಷಿಸಿದ ಮೇಲೆ ನವಣೆ, ಸಾಮೆ, ಊದಲುಗಳ ಬೆಲೆಯೂ ಏರಿತು, ಮರ್ಯಾದೆಯೂ ಏರಿತು. ಸಂತೋಷವೇ. ಆದರೆ ಅದರ ಬೆನ್ನಿಗೇ, ಅನ್ನ ಬಿಟ್ಟು ಸಿರಿಧಾನ್ಯ ಹಿಡಿದರೆ ಸಕ್ಕರೆ ಕಾಯಿಲೆ ಹತ್ತಿರ ಸುಳಿಯದು ಎಂಬ ನಂಬಿಕೆಯೂ ಬೇರೂರಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಲ್ಲಿ ದೇಶದಾದ್ಯಂತ ನಡೆದ ಸಮೀಕ್ಷೆ ಇದನ್ನು ಬೆಂಬಲಿಸುವುದಿಲ್ಲ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು 2023ರಲ್ಲಿ ತಿಳಿಸಿದ ಅದೇ ಸಮೀಕ್ಷೆಯ ಆಹಾರದ ವರದಿ 2025ರಲ್ಲಿ ಬಂತು. ನಮ್ಮ ಶಕ್ತಿಯ ಶೇ 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತಿದೆ. ಬಿಳಿ ಅಕ್ಕಿಯ ಜಾಗಕ್ಕೆ ಇಡಿಗೋಧಿಯೋ ಸಿರಿಧಾನ್ಯವೋ ಬಂದ ಮಾತ್ರಕ್ಕೆ ಅಪಾಯ ತಗ್ಗಿದ್ದು ಕಾಣಲಿಲ್ಲ. ಪಿಷ್ಟದ ಒಂದು ಪಾಲನ್ನು ಬೇಳೆಕಾಳು, ಹಾಲು-ಮೊಸರಿನ ಪ್ರೋಟೀನಿಗೆ ಬಿಟ್ಟುಕೊಟ್ಟಲ್ಲಿ ಅಪಾಯ ಕಡಿಮೆಯಿತ್ತು. ಅಂದರೆ, ಯಾವ ಧಾನ್ಯ ಎಂಬುದಕ್ಕಿಂತ ತಟ್ಟೆಯಲ್ಲಿ ಧಾನ್ಯ ಎಷ್ಟು, ಅದರ ಜೊತೆಗೆ ಏನು ಎಂಬುದೇ ಮುಖ್ಯ.

ಈ ಜೊತೆಯ ಲೆಕ್ಕ ನಮ್ಮ ಅಡುಗೆಗೆ ಹೊಸದಲ್ಲ. ಬಸ್ಸಾರನ್ನೇ ನೋಡಿ. ಹುರುಳಿಯನ್ನೋ ಅಲಸಂದೆಯನ್ನೋ ಬೇಯಿಸಿ, ಅದಕ್ಕೇ ದಂಟಿನ ಸೊಪ್ಪು ಹಾಕಿ, ಬೆಂದ ಮೇಲೆ ನೀರು ಬಸಿಯುತ್ತಾರೆ. ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಹುಣಸೆ ಹಿಂಡಿದರೆ ಸಾರು. ಉಳಿದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟು ಕಾಯಿತುರಿ ಉದುರಿಸಿದರೆ ಪಲ್ಯ. ನೀರಿಗಿಳಿದ ಸತ್ವವೂ ಚೆಲ್ಲಿಹೋಗುವುದಿಲ್ಲ. ಇದರ ಜೊತೆ ಉಣ್ಣುವ ಮುದ್ದೆಯ ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ಆದರೆ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ಆ ಕೊರತೆ ತುಂಬುವುದು ಕಾಳು. ಉತ್ತರ ಕರ್ನಾಟಕದ ಜೋಳದ ರೊಟ್ಟಿಯ ಪಕ್ಕದಲ್ಲಿ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಹಸಿ ಮೆಂತ್ಯ ಸೊಪ್ಪು ಮಾಡುವ ಕೆಲಸವೂ ಇದೇ. ಈಗ ಆಗಿರುವುದೇನೆಂದರೆ ಮುದ್ದೆಯ ಗಾತ್ರ ಉಳಿದಿದೆ, ಕಾಳು ಸಾರಿನಲ್ಲಿ ಹುಡುಕಿದರೆ ಸಿಗುವಷ್ಟಾಗಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಸೂಚಿಸಿದ ತಟ್ಟೆಯಲ್ಲಿ ದಿನಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ. ಎಷ್ಟು ಮನೆಗಳಲ್ಲಿ ತರಕಾರಿ ಧಾನ್ಯವನ್ನು ಮೀರಿಸುತ್ತದೆ?

ನಮ್ಮ ಅಜ್ಜಂದಿರು ಎರಡು ಮುದ್ದೆ ಉಂಡು ಗಟ್ಟಿಮುಟ್ಟಾಗಿದ್ದರು ಎನ್ನುವವರು ಅವರು ಉಂಡ ಮೇಲೆ ನೇಗಿಲು ಹಿಡಿಯುತ್ತಿದ್ದುದನ್ನು ಮರೆಯುತ್ತಾರೆ. ಸಹಜವಾದದ್ದೆಲ್ಲ ಒಳ್ಳೆಯದು ಎಂಬ ಮಾತೂ ಪೂರ್ತಿ ನಿಜವಲ್ಲ: ಕೇಸರಿ ಬೇಳೆ ನೆಲದಲ್ಲೇ ಬೆಳೆದದ್ದು, ಅದನ್ನೇ ತಿಂಗಳುಗಟ್ಟಲೆ ಉಂಡವರ ಕಾಲು ಸ್ವಾಧೀನ ತಪ್ಪಿದ್ದೂ ಉಂಟು. ಆದರೂ ಕಾರ್ಖಾನೆಯ ತಿನಿಸಿಗಿಂತ ಮನೆಯಡುಗೆ ಮೇಲು ಎನ್ನಲು ಗಟ್ಟಿ ಪುರಾವೆಯಿದೆ. ಅಮೆರಿಕದ ಸಂಶೋಧಕ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಸರಳ ಆಹಾರ ಕೊಡಲಾಯಿತು. ಮುಂದಿಟ್ಟ ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲೂ ಸರಿಸಮ, ಬೇಕಾದಷ್ಟು ತಿನ್ನಬಹುದಿತ್ತು. ಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು, ತೂಕವೂ ಹೆಚ್ಚಿತು. ಸಣ್ಣ ಪ್ರಯೋಗ, ನಿಜ. ಆದರೂ ರಾಗಿ ಬಿಸ್ಕತ್ತಿನ ಪೊಟ್ಟಣ ಕೊಳ್ಳುವ ಮುನ್ನ ಅದನ್ನು ತಿರುಗಿಸಿ ನೋಡಲು ಇಷ್ಟು ಕಾರಣ ಸಾಕು. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚಿರುವುದು ಮೊದಲು ಬರುತ್ತದೆ. ಮೈದಾ, ಸಕ್ಕರೆ ಆದಮೇಲೆ ರಾಗಿಯ ಹೆಸರು ಬಂದರೆ ಅದು ಮೈದಾ ಬಿಸ್ಕತ್ತೇ.

ಕಾಳು ನೆನೆಹಾಕಿ, ಸೊಪ್ಪು ಬಿಡಿಸಿ, ಖಾರ ರುಬ್ಬಲು ಪುರುಸೊತ್ತು ಯಾರಿಗಿದೆ ಎಂಬ ಆಕ್ಷೇಪಕ್ಕೆ ತೂಕವಿದೆ. ದುಡಿದು ಬಂದ ಹೆಂಗಸಿನ ತಲೆಗೆ ಇನ್ನೊಂದು ಕೆಲಸ ಕಟ್ಟಿ ಅದನ್ನು ಪರಂಪರೆ ಎಂದು ಹೊಗಳುವುದು ಅನ್ಯಾಯ. ಸೊಪ್ಪು ಬಿಡಿಸಲು ಗಂಡಸಿಗೂ ಕೈಗಳಿವೆ. ರಾತ್ರಿ ನೆನೆಸಿದ ಕಾಳು ಕುಕ್ಕರಿನಲ್ಲಿ ಬೇಗ ಬೇಯುತ್ತದೆ. ದುಡ್ಡಿನ ಪ್ರಶ್ನೆ ಇದಕ್ಕಿಂತ ಕಠಿಣ. ಬಡವರಿಗೆ ದುಬಾರಿ ನವಣೆ ಬೇಕಿಲ್ಲ, ಹುರುಳಿ, ಹೆಸರು, ಕಡಲೆ ಬೇಕು. ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕಿಲೊ ಧಾನ್ಯದ ಹಕ್ಕು ಕೊಟ್ಟಿದೆ. ಬೇಳೆಕಾಳಿಗೆ ಅಂಥ ಹಕ್ಕಿಲ್ಲ. ಸಿರಿಧಾನ್ಯ ಮೇಳಗಳಿಗೆ ತೋರುವ ಉತ್ಸಾಹವನ್ನು ಸರ್ಕಾರಗಳು ಮೊದಲು ಇದಕ್ಕೆ ತೋರಲಿ. ಕಾಳನ್ನು ಕಾಯ್ದೆಯೊಳಗೆ ತರಲಿ.